ತಕ್ಕಡಿಗಿಟ್ಟ ಟ್ರಾನ್ಸ್‌ಫಾರ್ಮರ್

ನಿಲಂಗಾ
ಆಷಾಢ, ೧೯೭೨

ಮನ್ಮಥಾ,

ಸೊಲ್ಲಾಪುರದ ನಿನ್ನ ದುಕಾನಿನಲ್ಲಿ ತಾಮ್ರದ ತಂತಿ ಸುತ್ತುವಾಗ ಕಣ್ಣು ಎಲ್ಲಿಟ್ಟಿದ್ದಿ? ನನ್ನ ಮೊಮ್ಮಗಳು ಮಹಾನಂದಾ ತಾನೇ ಕೂತು ವಾಲ್ವಿನ ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟುತ್ತಿದ್ದಾಳೆ. ಅದಕ್ಕೆ ಎಡ-ಬಲ ಎರಡು ಸ್ಪೀಕರಿಗೆ ದನಿ ಒಯ್ಯುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಭಾರದ ಜೋಡಿ ಬೇಕೆಂದು ಅವಳು ಅಳತೆ ಬರೆದು ಕಳಿಸಿದರೆ, "ಹುಡುಗಿ ಆಟಕ್ಕ ಇಷ್ಟು ಸಾಕು" ಎಂದು ರೇಡಿಯೋದ ಸಣ್ಣವನ್ನು ಕಳಿಸಿದಿ.

ಬರಗಾಲದಲ್ಲಿ ತೂಗಲು ಜೋಳವಿಲ್ಲದೆ ನಮ್ಮ ಅಂಗಡಿಯ ತಕ್ಕಡಿ ಖಾಲಿಯೇ ಇತ್ತು. ನೀ ಕಳಿಸಿದ ಎರಡನ್ನೂ ಎರಡು ತಟ್ಟೆಗಿಟ್ಟು ನೋಡಿದೆ. ಒಂದು ಇನ್ನೊಂದಕ್ಕಿಂತ ನಾಲ್ಕು ತೊಲ ಕಡಿಮೆ! ಅವನ್ನೇ ಜೋಡಿಸಿ ಹಾಡು ಹಚ್ಚಿದರೆ, ತಬಲಾ ಬಲದ ಸ್ಪೀಕರಿನಲ್ಲಿ ಡಬ್ಬಿ ಬಡಿದಂತೆ ಕೇಳಿತು, ಎಡದ್ದರಲ್ಲಿ ಅದೂ ಇಲ್ಲ.

ಅವಳಪ್ಪ ನಕ್ಕು, ಅವಳಿಗೆ, "ಇನ್ನೊಮ್ಮಿ ಹಿಂಗಾದ್ರ ಎಲ್ಲಾ ಗುಜರಿ ಮೋಡಕಾದವಂಗ ಹಾಕ್ತೀನಿ, ನೀ ಒಲಿ ಮುಂದ ಕೂಡು" ಅಂದ. ಹುಡುಗಿ ಎರಡನ್ನೂ ಬಿಚ್ಚತೊಡಗಿದಳು. ನಾನೇ ಅಂದೆ, "ತಪ್ಪು ಹುಡುಗೀದಲ್ಲೋ, ಟ್ರಾನ್ಸ್‌ಫಾರ್ಮರಿನ ಸಣ್ಣ ಕಬ್ಬಿಣದ್ದು."

ಎರಡನ್ನೂ ಮರಳಿ ಕಳಿಸಿದ್ದೇನೆ. ಅವಳು ಬರೆದ ಅಳತೆಗೇ, ದಪ್ಪ ಕಬ್ಬಿಣದ ಮೇಲೆ, ಎರಡಕ್ಕೂ ಎಣಿಸಿ ತಂತಿಯ ಸಮ ಸುತ್ತು ಹಾಕು. ಶ್ರಾವಣ ಹುಟ್ಟುವುದರೊಳಗೆ ಉತ್ತರ ಬರಬೇಕು. ಲಕೋಟೆಯ ಮೇಲೆ ನನ್ನ ಹೆಸರೂ ಬೇಡ, ಅವಳಪ್ಪನದೂ ಬೇಡ. ಮಹಾನಂದಾ ಎಂದೇ ಬರಿ.

ನಿನ್ನ ಸೋದರತ್ತೆ,
ಮಾಣಿಕಬಾಯಿ