ಸೆಕೆ ಎಂದವನಿಗೆ

ಜಬಲ್ ಶಮ್ಸ್ ಬೆಟ್ಟದ ಮಾಜಿ ಚಕ್ರವರ್ತಿ ಸವಾದ್ ಅವರ ಸಮ್ಮುಖಕ್ಕೆ,

ಚಳಿಗಾಲದಲ್ಲಿ ಬೆಟ್ಟ ಹತ್ತುವವರ ತರಬೇತಿಗೆ ನಾನು ಸೇರಿರುವೆನೆಂದು ವಿನಯಪೂರ್ವಕ ವರದಿ. ನಿನ್ನ ಅಕ್ಕ ಆಫಿಯಾ ಹಟ ಹಿಡಿದು ಸೇರಿಸಿದಳು. ಕಳೆದ ಡಿಸೆಂಬರಿನಲ್ಲಿ ನೀನು ತೀರಿಕೊಂಡು, ನಿನ್ನ ಮಯ್ಯತ್ತನ್ನು ಇಲ್ಲಿಂದ ಇಳಿಸಿದ ಮೇಲೆ ಅವಳು ನಗುವುದು ಕಡಿಮೆ.

ಇವತ್ತು ಮೇಲೆ ಗಾಳಿ ಜೋರಿತ್ತು. ಚಳಿಗೆ ಸಾಯುತ್ತಿರುವವನ ಪಾತ್ರ ನನಗೆ, ಕಾಪಾಡುವ ಪಾತ್ರ ಅಕ್ಕನಿಗೆ. ತರಬೇತುದಾರರು ಹೇಳಿಕೊಟ್ಟಂತೆ ನಾನು, "ಸೆಕೆ ಆಗ್ತಾ ಉಂಟು," ಎನ್ನುತ್ತ ಜಾಕೆಟ್ ಬಿಚ್ಚತೊಡಗಿದೆ. ಮೈ ತೀರಾ ತಣ್ಣಗಾದವರಿಗೆ ಕೊನೆಯಲ್ಲಿ ಸೆಕೆಯೆನಿಸುತ್ತದಂತೆ. ಮಂಗಳೂರಿನಿಂದ ಗಲ್ಫಿಗೆ ಬಂದ ನಮಗೆ ಯಾರು ಹೇಳಿದ್ದರು? ಸೆಕೆ ಅಂದರೆ ಸೆಕೆ ಎಂದೇ ತಿಳಿದಿದ್ದೆವು. ಅವತ್ತು ನೀನು ಬಿಚ್ಚಿಕೊಟ್ಟ ಜಾಕೆಟನ್ನು ನಾನೇ ಹಾಕಿಕೊಂಡೆ. ಬೆಚ್ಚಗಿತ್ತು.

ಅಕ್ಕ ನನ್ನ ಕೈಗೆ ಹೊಡೆದು ಜಿಪ್ಪನ್ನು ಗಂಟಲವರೆಗೂ ಎಳೆದಳು. "ಮಂಡೆ ಸಮ ಉಂಟಾ ನಿಂಗೆ? ಹಾಕ್ಕೊ!" ಉಳಿದವರು ನಕ್ಕರು. ಅವಳ ಕೈ ಮಾತ್ರ ಜಿಪ್ಪಿನ ಮೇಲೆಯೇ ನಿಂತಿತು.

"ಸವಾದ್ ಕೂಡ ಹೀಗೇ ಹೇಳಿದ್ನಾ?"

ರೋಗಿಯ ಪಾತ್ರದವನು ಯಾವ ಪ್ರಶ್ನೆಗೂ ಸರಿಯಾಗಿ ಉತ್ತರಿಸಬಾರದೆಂಬುದು ಪಾಠದ ನಿಯಮ. ನಾನು ಕಣ್ಣು ಮುಚ್ಚಿ ತೊದಲಿದೆ. ತರಬೇತುದಾರರು "ಖಲಾಸ್, ಖಲಾಸ್" ಎಂದು ಆಟ ನಿಲ್ಲಿಸಿದ ಮೇಲೂ ತೊದಲುತ್ತಲೇ ಇದ್ದೆ.