ಕಲೆಕ್ಟರ್ ಆಫೀಸಿನ ಹಿಂದಿನ ಮನೆ

ಪುಟ್ಟಪರ್ತಿ, ಶುಕ್ರವಾರ

ಪ್ರೀತಿಯ ಅಪ್ಪಾಜಿ,

ನಮಗೆ ಕಲೆಕ್ಟರ್ ಆಫೀಸಿನ ಹಿಂದೆಯೇ ಮನೆ ಸಿಕ್ಕಿತು! ಜಿಲ್ಲಾ ಕೇಂದ್ರವೆಂದು ಹೆಸರಷ್ಟೇ, ಎಷ್ಟು ಮುದ್ದಾದ ಊರು ಗೊತ್ತಾ. ಇವರು ಆಫೀಸಿನಿಂದ ಹೊರಟರೆ ಅಡುಗೆಮನೆ ಕಿಟಕಿಯಿಂದಲೇ ಕಾಣಿಸುತ್ತಾರೆ. ಎಲ್ಲರಿಗೂ ಎಲ್ಲರ ಸಂಗತಿ ಗೊತ್ತು. ನಿನ್ನೆ ಟೀ ಅಂಗಡಿಯ ದುರುಗಕ್ಕ, ಅಗಳಿ ಕಡೆಯ ಕನ್ನಡದವಳು, ಕೇಳಿದಳು: "ಚಿಕ್ಕಮ್ಮಾರು ನೀವೇನಾ? ದೊಡ್ಡಮ್ಮಾರು ತವರಿಂದ ಇನ್ನು ಬರಲ್ವಂತಾ?"

ಇವರಿಗೆ ಮೊದಲೇ ಹೆಂಡತಿ ಇದ್ದಾಳೆಂದು ನನಗೆ ತಿಳಿದದ್ದು ಆಗಲೇ. ನನ್ನ ಮುಖ ನೋಡಿ, "ನಿಮ್ಮಪ್ಪಾರ್ಗೆ ನಾನೇ ಹೇಳಿದ್ನಲ್ಲಮ್ಮಾ, ನಿಶ್ಚಯಕ್ಕೆ ಮೊದ್ಲು ವಿಚಾರ್ಸಕ್ಕೆ ಬಂದಿದ್ರು" ಎಂದಳು.

ಇಲ್ಲಿಂದ ಹೋಗಿ ನೀವು ನನಗೆ, "ಹುಡುಗ ಬಂಗಾರ ಇದ್ದಾನವ್ವಾ" ಎಂದಿರಿ.

ನನ್ನ ಡಿಗ್ರಿ ಸರ್ಟಿಫಿಕೇಟುಗಳನ್ನು ಬೀರುವಿನಿಂದ ತೆಗೆದಿಡಿ. ಸ್ಟೇಷನ್ನಿಗೆ ಅಮ್ಮ ಬರಲಿ, ನೀವು ಬೇಡ. ಸೋಮವಾರ ಕದಿರಿದೇವರಪಲ್ಲಿ ಪ್ಯಾಸೆಂಜರ್ ರೈಲಿನಲ್ಲಿ ರಾಯದುರ್ಗಕ್ಕೆ ಬಂದಿಳಿಯುತ್ತೇನೆ.

ನಿಮ್ಮ ಮಗಳು,
ಭುವನಾ