ತಪ್ಪು ದ್ರಾಕ್ಷಿಯದಲ್ಲ

|| ಓಂ ನಮಃ ಶಿವಾಯ ||

ನಾಶಿಕ
ಶುಕ್ರವಾರ, ೨೦ ಫೆಬ್ರುವರಿ ೨೦೨೬

ಮಗಳು ರುಚಿತಾಗೆ ನಿನ್ನ ಅವ್ವ ತಲೆ ನೇವರಿಸಿ ಬರೆಯುವುದು.

ಎಲ್ಲರೂ ಕ್ಷೇಮ ಅಂತ ಮೊದಲು ಬರೆಯಬೇಕು. ಕೈ ಮುಂದಕ್ಕೆ ಹೋಗುತ್ತಿಲ್ಲ. ನಿನಗೆ ಕನ್ನಡ ಓದಲು ತಡವಾಗುತ್ತದೆ, ಅದಕ್ಕೆ ಅಕ್ಷರ ದೊಡ್ಡದು ಮಾಡಿ ಬರೆದಿದ್ದೇನೆ. ತಿಳಿಯದಿದ್ದರೆ ಬಾಯಿಬಿಟ್ಟು ಓದು, ಕಿವಿಗೆ ಬಿದ್ದರೆ ತಿಳಿದೀತು. ಆದರೆ ರೂಮಿನಲ್ಲಿ ಒಬ್ಬಳೇ ಇದ್ದಾಗ ಓದು. ಸೋಮವಾರ ನೀನು ಲ್ಯಾಬಿಗೆ ಹೋಗುವ ಮುಂಚೆ ಓದಿ ಮುಗಿಸಬೇಕು.

ಬೆಳಿಗ್ಗೆ ಫೋನು ಮಾಡಿ ಗುಳಿಗೆ ತಗೊಂಡ್ಯಾ, ಉಂಡ್ಯಾ ಅಂತ ಕೇಳಿ ಇಟ್ಟೆನಲ್ಲ, ಆಗ ನಿಮ್ಮ ಅಪ್ಪಾಜಿ ಎದುರಿಗೇ ಕುಳಿತಿದ್ದರು. ಅವರು ಹೊರಗೆ ಹೋದ ಮೇಲೆ ಮಾಡಬಹುದಿತ್ತು. ನಿಜ ಹೇಳಬೇಕೆಂದರೆ, ನಿನ್ನ ದನಿ ಕೇಳುತ್ತಾ ಈ ಮಾತು ಹೇಳುವ ಧೈರ್ಯ ನನಗಿಲ್ಲ. ಎದುರು ಮನೆಯ ಭುಜಂಗ ನಾಳೆ ಉಳ್ಳಾಗಡ್ಡಿ ಟೆಂಪೊ ತಗೊಂಡು ನೀನಿರುವ ಶೇಂದ್ರಾ ಕಡೆಗೇ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ನೀನು ಹೋದಾಗಿನಿಂದ ಅಪ್ಪಾಜಿ ನೆಟ್ಟಗೆ ಉಂಡಿಲ್ಲ. ಶಿವರಾತ್ರಿ ಉಪವಾಸಕ್ಕೆ ಮಗಳಿಗೆ ಬೇಕಂತ ಪಿಂಪಳಗಾಂವಿನಿಂದ ನಾನೇ ದ್ರಾಕ್ಷಿ ತಂದೆ, ಔಷಧ ಹೊಡೆದದ್ದನ್ನ ನನ್ನ ಕೈಯಿಂದಲೇ ತಿನಿಸಿದೆ ಅಂತ ಅದೊಂದೇ ಜಪ. ಅಡತಿ ಅಂಗಡಿಯಲ್ಲಿ ಆ ತೋಟದವನ ಜೊತೆ ಜಗಳಾಡಿ ಬಂದರು. ಇಷ್ಟು ವರ್ಷದ ದೋಸ್ತಿ. ಅವನು ಅಪ್ಪಾಜಿಗೆ, ವಿಶ್ವನಾಥಪ್ಪ, ಅದೇ ಹಣ್ಣು ನನ್ನ ಮೊಮ್ಮಕ್ಕಳೂ ತಿಂದಾವಲ್ಲ, ಅವಕ್ಕೇನಾಗೇದ ತೋರಿಸು ಅಂದನಂತೆ. ನಾನೂ ತಿಂದಿದ್ದೆ. ಅಪ್ಪಾಜಿಯೂ ತಿಂದಿದ್ದರು. ಬಟ್ಟಲು ಒಂದೇ ಆಗಿತ್ತು.

ತಪ್ಪು ದ್ರಾಕ್ಷಿಯದಲ್ಲವ್ವ.

ನೀನು ರಜೆಗೆ ಬಂದ ದಿನ ನೆನಪು ಮಾಡಿಕೋ. ಕೊರಳ ಸುತ್ತ ಕೆಂಪಗಾಗಿತ್ತು. ಏನಿದು ಅಂದರೆ ಬಿಸಿಲಿಗೆ ಅಂದಿ. ಮರುದಿನ ನಾನು ದೇವರಿಗೆ ಹೂ ಕಟ್ಟುತ್ತಾ ಕುಳಿತಾಗ ನಿನ್ನ ಕೆಲಸ ಏನಂತ ಕೇಳಿದ್ದೆ. ನೀನು ನನ್ನ ಹೂವನ್ನೇ ಮುಂದಿಟ್ಟುಕೊಂಡು ತಿಳಿಸಿದ್ದಿ. ಬೇರೆ ಬೇರೆ ಜಾತಿಯ ಮಣಿಗಳಿರುತ್ತವೆ, ಚಹಾ ಚೀಲದಂಥ ಸಣ್ಣ ಜಾಳಿಗೆ ಚೀಲಗಳಲ್ಲಿ ಅವನ್ನು ಪೋಣಿಸುತ್ತೀರಿ. ಒಂದು ಚೀಲದಲ್ಲಿ ಸೇವಂತಿ ಮುಂದೆ ಚೆಂಡುಹೂ ಹಿಂದೆ, ಇನ್ನೊಂದರಲ್ಲಿ ತಿರುಗಾಮುರುಗಾ. ಹಿಂಗ ಒಂದೇ ಸಲಕ್ಕೆ ನೂರಾರು ನಮೂನೆ ಸರ. ಕಡೆಗೆ ಸರದ ಎರಡೂ ತುದಿ ಕೂಡಿಸಿ ಬಳೆ ಮಾಡುವುದು. ಯಾಕೆ ಬಳೆ ಅಂದೆ. ತುದಿ ಸಿಕ್ಕರೆ ಹೊಟ್ಟೆಯೊಳಗಿನ ರಸ ಅಲ್ಲಿಂದಲೇ ಕಡಿದು ತಿಂತದ ಅವ್ವ, ಬಳೆಗೆ ಎಲ್ಲಿ ಬಾಯಿ ಹಾಕಬೇಕು ಅಂದಿ. ನೂರರಲ್ಲಿ ಯಾವುದೋ ಒಂದು ಬಳೆ, ಯಾವ ಔಷಧಕ್ಕೂ ಬಗ್ಗದ ರೋಗಕ್ಕೆ ಔಷಧ ಆದೀತು ಅಂದಿ. ನನಗೆ ಕಣ್ಣು ತುಂಬಿ ಬಂದಿತ್ತು.

ಹೂವಿಗಾದರೆ ದಾರ, ನಿಮ್ಮ ಮಣಿಗೆ ಏನು ಅಂತ ಕೇಳಿದೆ. ಜೋಡಿಸುವ ಪುಡಿ ಇರತದ, ವಿಭೂತಿ ಹಂಗ ಬೆಳ್ಳಗ ಅಂದಿ. ಆಗಲೇ ನಿನ್ನ ಜೊತೆಗಿದ್ದ ಅಂಬರೀಶನ ಕಥೆ ಹೇಳಿದ್ದು. ಆ ಪುಡಿ ಅವನ ಮೈಗೆ ಆಗಲಿಲ್ಲ, ಮೊದಲು ದದ್ದು ಎದ್ದವು, ಆಮೇಲೆ ಉಸಿರಿಗೇ ಬಂತು. ಒಮ್ಮೆ ಮೈ ಅದರ ಮೇಲೆ ಹಗೆ ಕಟ್ಟಿತೆಂದರೆ ಮುಗೀತು, ಮುಂದ ಚಿಟಿಕೆ ಸಾಕು ಜೀವ ಹೋಗಲಿಕ್ಕೆ ಅಂದಿ. ಈಗ ಮಾವನ ಅಂಗಡಿಯಾಗ ಟೈಲ್ಸ್ ಮಾರತಾನ ಸಾಹೇಬ ಅಂತ ನಕ್ಕಿ. ನಗುತ್ತಾ ಕೊರಳು ಕೆರೆದುಕೊಂಡಿ. ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದಿ, ಸೆರಗು ಎಳೆದುಕೊಂಡಿ.

ಬಂದ ದಿನವೇ ನಿನ್ನ ಕೊರಳಿನ ಲಿಂಗದ ಕರಡಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ್ದೆ. ಶಿವದಾರ ಮಾಸಿತ್ತು, ಆದರೆ ತೊಳೆಯಲಿಲ್ಲ. ದೀಕ್ಷೆಯ ದಿನ ಸ್ವಾಮಿಗಳು ಮುಟ್ಟಿ ಕೊಟ್ಟ ದಾರ, ಸಾಬೂನಿನಲ್ಲಿ ಹೇಗೆ ಅದ್ದಲಿ? ದೇವರ ಜಗಲಿಯ ಮೇಲಿಟ್ಟು ನಿನಗೆ ಬೇರೆ ದಾರ ಹಾಕಿದೆ. ಶಿವರಾತ್ರಿ ಹೊತ್ತಿಗೆ ಕೊರಳು ಆರಿ ತಿಳಿಯಾಗಿತ್ತು. ಅವತ್ತು ಬೆಳಿಗ್ಗೆ ಪೂಜೆ ಮುಗಿಸಿ, ದೊಡ್ಡ ಹಬ್ಬ, ಗುರುಗಳ ದಾರವೇ ಇರಲಿ ಅಂತ ಅದನ್ನೇ ತಿರುಗಿ ಕಟ್ಟಿದೆ. ಅಪ್ಪಾಜಿ ದ್ರಾಕ್ಷಿ ತೊಳೆದು ತಂದದ್ದು ಆಮೇಲೆ.

ಮುಂದಿನದು ನಿನಗೆ ಅರ್ಧ ಗೊತ್ತು. ತುಟಿ ಊದಿತು, ಕೊರಳಲ್ಲಿ ಸೀಟಿ ಊದಿದ ಹಾಗೆ ಸಪ್ಪಳ. ರಿಕ್ಷಾದಲ್ಲಿ ಅಪ್ಪಾಜಿ ಮುಂದೆ ಕುಳಿತು ಜಲ್ದಿ ಚಲಾ, ಜಲ್ದಿ ಅಂತ ಅಳುತ್ತಿದ್ದರು. ನೀನು ಬೆರಳು ಹಾಕಿ ದಾರ ಎಳೆಯುತ್ತಿದ್ದಿ. ನಾನು ನಿನ್ನ ಕೈ ಹಿಡಿದೆ, ಲಿಂಗ ಕಿತ್ತುಕೊಳ್ಳುತ್ತಾಳೆ ಅಂತ. ದವಾಖಾನೆಯಲ್ಲಿ ನರ್ಸು ಕತ್ತರಿ ಹಾಕಿ ದಾರ ಕತ್ತರಿಸಿದಳು, ಸೂಜಿ ಚುಚ್ಚಿದರು. ಉಸಿರು ಬಂದ ಮೇಲೆ ಡಾಕ್ಟರು ಏನು ತಿಂದಳು, ಏನು ಮುಟ್ಟಿದಳು ಅಂತ ಕೇಳಿದರು. ಅಪ್ಪಾಜಿ ದ್ರಾಕ್ಷಿ ಅಂದರು. ಡಾಕ್ಟರು ನನ್ನ ಕಡೆ ತಿರುಗಿ, ಮತ್ತೇನಾದರೂ ಇದೆಯಾ ಆಯಿ ಅಂತ ಕೇಳಿದರು. ದಾರ ಇದ್ದ ಜಾಗದಲ್ಲಿ ನಿನ್ನ ಕೊರಳ ಸುತ್ತ ಕೆಂಪನೆಯ ಬಳೆ ಎದ್ದಿತ್ತು. ನೋಡುತ್ತಾ ನೋಡುತ್ತಾ ಏನೂ ಇಲ್ಲ ಅಂದೆ.

ದಾರಕ್ಕೆ ಆ ಪುಡಿ ಹೇಗೆ ಬಂತು ಅಂತ ನೀನು ಕೇಳುತ್ತೀ. ಯಾವ ಕೆಲಸಕ್ಕೂ ಮೊದಲು, ಆಮೇಲೆ ಲಿಂಗ ಮುಟ್ಟಿಕೋ ಅಂತ ಸಣ್ಣವಳಿದ್ದಾಗ ಕಲಿಸಿದವಳು ನಾನು. ಪುಡಿ ತೂಗಿ ಮುಗಿದ ಕೂಡಲೇ ಗ್ಲೌಸ್ ಹಾಕಿದ ಕೈಯಲ್ಲೇ ಕೋಟಿನೊಳಗೆ ಮುಟ್ಟಿಕೊಳ್ಳುತೀನವ್ವ, ಒಂದು ದಿನ ತಪ್ಪಿಸಿಲ್ಲ ಅಂತ ನೀನು ಹೇಳಿದಾಗ ನಾನು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದರೆ, ದೇವರ ದಾರದ ಮೇಲೆ ತಪ್ಪು ಹೇಗೆ ಹೊರಿಸಲಿ ಅಂತ ಒಂದು ಹೆದರಿಕೆ. ಅಪ್ಪಾಜಿಗೆ ಪುಡಿಯ ಸುದ್ದಿ ತಿಳಿದರೆ ಅಂದೇ ನಿನ್ನ ಗಂಟುಮೂಟೆ ಕಟ್ಟಿಸುತ್ತಿದ್ದರು, ಬೀದರಿನವರು ಹೇಗೂ ಹೆಣ್ಣು ಕೇಳುತ್ತಲೇ ಇದ್ದಾರೆ. ಅದು ಇನ್ನೊಂದು ಹೆದರಿಕೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ನೀನು ಒಂದು ಮಾತು ಅಂದಿ. ಬಚಾವಾದೆ ಅವ್ವ, ಪುಡಿ ಅಂತ ನಾನೂ ಅಂಜಿದ್ದೆ, ಇಷ್ಟು ದಿನ ಲ್ಯಾಬಿನ ಕಡೆ ಹೋಗೇ ಇಲ್ಲ ಅಂದಮೇಲೆ ಪುಡಿಯದಲ್ಲ, ಸೋಮವಾರ ಬಾಟಲಿ ತೆಗೆದು ಉಳಿದ ಬಳೆ ಮುಗಿಸತೀನಿ ಅಂದಿ. ನಾನು ಹೂಂ ಅಂದೆ. ಬಸ್ಸು ಹೋಯಿತು. ಅವತ್ತಿನಿಂದ ಫೋನು ಬಂದರೆ ಒಲೆ ಆರಿಸದೇ ಓಡುತ್ತೇನೆ. ವಿಭೂತಿ ಗಟ್ಟಿ ಕೈಗೆ ತಗೊಂಡರೂ ನಿನ್ನ ಬಾಟಲಿ ಕಾಣುತ್ತದೆ.

ಆ ಬಾಟಲಿ ಮುಟ್ಟಬೇಡ. ಕೋಟು ಹಾಕುವ ಮುಂಚೆ ನಿಮ್ಮ ಮ್ಯಾಡಮ್ ಹತ್ತಿರ ಹೋಗಿ ಕೊರಳು ತೋರಿಸಿ ಎಲ್ಲಾ ಹೇಳು. ಕೂತು ಮಾಡುವ ಕೆಲಸ ಕೊಟ್ಟರೆ ಮಾಡು. ಬಿಡು ಅಂದರೆ ಬಿಟ್ಟು ಬಾ. ಟೈಲ್ಸ್ ಮಾರಿದರೂ ನನ್ನ ಮಗಳೇ. ಮದುವೆಯ ಮಾತು ನಾನು ತಡೆಯುತ್ತೇನೆ, ಅದು ನನಗೆ ಬಿಡು.

ಕೊರಳಲ್ಲಿ ಈಗಿರುವ ದಾರ ಹೊಸದು, ಅಂಜಬೇಡ. ಆದರೆ ಇನ್ನು ಮುಂದೆ ಆ ಕಟ್ಟಡದೊಳಗೆ ಹೋಗುವ ದಿನ ಲಿಂಗ ಬಿಚ್ಚಿ ರೂಮಿನಲ್ಲಿಟ್ಟು ಹೋಗು. ಲಿಂಗವಿಲ್ಲದ ಮೈ ಹೆಣ ಅಂತ ನಮ್ಮವ್ವ ನನಗೆ ಹೇಳಿದ್ದಳು, ನಾನು ನಿನಗೆ ಹೇಳಿದ್ದೆ. ಈಗ ನಾನೇ ಬಿಚ್ಚು ಅಂತ ಬರೆಯುತ್ತಿದ್ದೇನೆ. ಪಾಪ ಬಂದರೆ ನನಗೆ ಬರಲಿ.

ಹಳೇ ದಾರ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಮ್ಯಾಡಮ್ ಕೇಳಿದರೆ ಅವರ ಕೈಗೆ ಕೊಡುತ್ತೇನೆ, ನಿನ್ನ ಕೈಗಲ್ಲ. ಸೋಮವಾರ ಮಧ್ಯಾಹ್ನದೊಳಗೆ ನಿನ್ನ ಫೋನು ಬರದಿದ್ದರೆ ಅಪ್ಪಾಜಿಗೆ ಎಲ್ಲಾ ಹೇಳಿ ಇಬ್ಬರೂ ನಿಮ್ಮ ಗೇಟಿಗೆ ಬರುತ್ತೇವೆ.

ನಿನ್ನ ಉಸಿರು ಕಾಯುತ್ತಾ ಕುಳಿತ
ಅವ್ವ
ಜಗದೇವಿ

ತಾ.ಕ.: ಅವತ್ತು ಸಂಜೆ ದವಾಖಾನೆಯಲ್ಲಿ ನಿನಗೆ ಎರಡನೇ ಸಲ ಉಸಿರು ಕಟ್ಟಿತು. ಕೆಲವರಿಗೆ ಹೀಗೆ ತಿರುಗಿ ಬರುತ್ತದೆ ಅಂತ ಡಾಕ್ಟರು ಅಂದರು. ತಾನಾಗಿ ಬರಲಿಲ್ಲವ್ವ. ನೀನು ಮಲಗಿದ್ದಿ, ಕೊರಳು ಬರಿದಾಗಿತ್ತು. ಬರಿಗೊರಳಲ್ಲೇ ನನ್ನ ಮಗಳು ಹೋಗಿಬಿಟ್ಟರೆ ಅಂತ ಅಂಜಿ, ದ್ರಾಕ್ಷಿಯೇ ಇರಬೇಕು ಅಂತ ಮನಸ್ಸಿಗೆ ಒಪ್ಪಿಸಿಕೊಂಡು, ಕತ್ತರಿಸಿದ ದಾರಕ್ಕೆ ಗಂಟು ಹಾಕಿ ನಾನೇ ತಿರುಗಿ ಕಟ್ಟಿದ್ದೆ. ನರ್ಸು ಓಡಿ ಬರುವಷ್ಟರಲ್ಲಿ ಬಿಚ್ಚಿ ಸೆರಗಿನಲ್ಲಿ ಮುಚ್ಚಿಕೊಂಡೆ. ಒಂದು ಸಲ ನೋಡಿದ್ದನ್ನ ನಾವು ನಂಬೋದಿಲ್ಲ ಅವ್ವ, ತಿರುಗಿ ಮಾಡಿ ನೋಡಬೇಕು ಅಂತ ನೀನು ಅಂದಿದ್ದೆಯಲ್ಲ. ತಿರುಗಿ ಮಾಡಿ ನೋಡಿದ್ದಾಗಿದೆ. ಇನ್ನೊಮ್ಮೆ ನೀನು ನೋಡಬೇಡ.